ಅರಕಲಗೂಡಿನಲ್ಲಿ ಕಟ್ಟಿಸಿದ ಗಿಟಾರು

ರಂಗೂನಿನಿಂದ ನಾನು ಹೊಳೆನರಸೀಪುರಕ್ಕೆ ಬಂದಾಗ ನನ್ನ ಹತ್ತಿರ ಗಿಟಾರು ಇರಲಿಲ್ಲ, ಅದರ ತಿರುಪುಗಳು ಮಾತ್ರ ಇದ್ದವು. ತಂತಿ ಬಿಗಿಯುವ ಆ ಹಿತ್ತಾಳೆ ತಿರುಪುಗಳನ್ನೂ ಮೂರು ದಪ್ಪ ತಂತಿಗಳನ್ನೂ ಸೊಂಟದ ಬಟ್ಟೆಯಲ್ಲಿ ಸುತ್ತಿಕೊಂಡು, ಜಪಾನಿನವರ ಬಾಂಬಿಗೆ ಊರು ಬಿಟ್ಟು ಓಡಿದವರ ಜೊತೆ ನಡೆದು ಬರ್ಮಾದ ಕಾಡು ದಾಟಿದ್ದೆ. ಮಿಕ್ಕ ಗಿಟಾರು ಮಣಿಪುರದ ಕಡೆಯ ಒಂದು ಇಳಿಜಾರಿನಲ್ಲಿ ಉಳಿಯಿತು. ಮಳೆಯಲ್ಲಿ ನೆನೆದು, ಅಂಟು ಬಿಟ್ಟು, ಹಿಂದಿನ ಹಲಗೆ ಕಳಚಿಕೊಂಡಿತ್ತು. ಜೊತೆಯಲ್ಲಿ ನಡೆಯುತ್ತಿದ್ದವರು ಅದನ್ನು ಒಡೆದು ಒಲೆಗೆ ಹಾಕಿ ಟೀ ಕಾಸಿದರು. ನಾನೂ ಒಂದು ಲೋಟ ಕುಡಿದೆ.

ಮನೆಯ ಬಾಗಿಲಲ್ಲಿ ನಿಂತವನನ್ನು ಕಂಡು ಅವ್ವನಿಗೆ ಮೊದಲು ಗುರುತು ಹತ್ತಲಿಲ್ಲ. ಹತ್ತಿದ ಮೇಲೆ ಅಳುವುದಕ್ಕೂ ಅವಳಿಗೆ ಪುರುಸೊತ್ತಿರಲಿಲ್ಲ. ಬಿಸಿನೀರು ಕಾಯಿಸಿ, ನನ್ನನ್ನು ಬಚ್ಚಲಿಗೆ ನೂಕಿ, ಹೊರಗಿನಿಂದಲೇ ಕೇಳಿದಳು.

"ಆ ಡಬ್ಬ ಎಲ್ಲಿ ಮಗ?"

"ಕಾಡಲ್ಲಿ ಓಯ್ತು ಕಣವ್ವ. ಒಲೇಗಾಕಿ ಟೀ ಕಾಸುದ್ರು."

"ಒಳ್ಳೇದಾಯ್ತು ಬುಡು."

ಆ ಡಬ್ಬವೇ ನನ್ನ ಅನ್ನ. ರಂಗೂನಿನ ಒಂದು ಹೋಟೆಲಿನ ಡಾನ್ಸ್ ಬ್ಯಾಂಡಿನಲ್ಲಿ ನಾನು ಜಾಝ್ ಗಿಟಾರು ಬಾರಿಸುತ್ತಿದ್ದೆ. ಗಿಟಾರಿನವನು ಮೆರೆಯುವವನಲ್ಲ. ತುತ್ತೂರಿಯವರು ಮುಂದೆ ನಿಂತು ಮೆರೆಯುತ್ತಾರೆ, ನಾವು ಹಿಂದೆ ಕೂತು ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಹಿಡಿದು ತಾಳದ ಒಂದೊಂದು ಎಣಿಕೆಗೂ ಒಂದೊಂದು ಏಟು ಕೊಡುತ್ತೇವೆ. ಆ ಸ್ವರಗಳ ಹಿಡಿಗೆ ಕಾರ್ಡು ಎನ್ನುತ್ತೇವೆ. ಕಾರ್ಡು ನಿಂತರೆ ಕುಣಿಯುವವರ ಕಾಲು ತಡವರಿಸುತ್ತದೆ. ನನಗೆ ಬಂದದ್ದು ಆ ಒಂದೇ ಕೆಲಸ, ಮತ್ತು ಅದರ ಮೇಲೆ ನನಗಿದ್ದ ಹುಚ್ಚು ಮನೆಯವರಿಗೆ ಅರ್ಥವಾಗುವಂಥದ್ದಲ್ಲ.

ನಮ್ಮದು ತೆಂಗಿನಕಾಯಿ, ಕೊಬ್ಬರಿಯ ಮಂಡಿ. ನಾನು ಮೈಗೆ ಸ್ವಲ್ಪ ಮಾಂಸ ತುಂಬಿಕೊಳ್ಳುವಷ್ಟರಲ್ಲಿ ಅಣ್ಣ ತನ್ನ ಪಕ್ಕದಲ್ಲಿ ಇನ್ನೊಂದು ಗಾದಿ ಹಾಕಿಸಿ, ಬಂದವರಿಗೆಲ್ಲ "ತಮ್ಮ ಇನ್ನು ಇಲ್ಲೇ" ಎಂದು ಹೇಳತೊಡಗಿದ. ಆಗ ಕೊಲಂಬೋದಿಂದ ಟೆಲಿಗ್ರಾಂ ಬಂತು. ರಂಗೂನಿನಲ್ಲಿ ನಮ್ಮ ಬ್ಯಾಂಡಿಗೆ ಮೇಷ್ಟರಾಗಿದ್ದ ಗೋವೆಯವರೊಬ್ಬರು ಹಡಗಿನಲ್ಲಿ ಅಲ್ಲಿಗೆ ಸೇರಿಕೊಂಡಿದ್ದರು. ಊರೆಲ್ಲ ಸೋಲ್ಜರುಗಳು, ದಿನಾ ಡಾನ್ಸು, ದಸರೆಯೊಳಗೆ ಬಂದರೆ ನಿನ್ನ ಕುರ್ಚಿ ನಿನ್ನದೇ, ಗಿಟಾರು ಇಲ್ಲಿ ಸಿಗುವುದಿಲ್ಲ, ತೆಗೆದುಕೊಂಡೇ ಬಾ. ಇಷ್ಟು ವಿಷಯ. ಅವ್ವ ಅದನ್ನು ಓದಿಸಿ ಕೇಳಿ ಒಳಗೆ ಹೋದಳು.

ಗಿಟಾರು ಎಲ್ಲಿಂದ ತರುವುದು? ಬೆಂಗಳೂರಿನ ದಂಡಿನ ಅಂಗಡಿಗಳಲ್ಲಿ ಇದ್ದಬದ್ದದ್ದನ್ನು ಸಿಪಾಯಿಗಳು ಎತ್ತಿಕೊಂಡು ಹೋಗಿದ್ದರು. ಹೊಸದು ತರಿಸೋಣವೆಂದರೆ ಯುದ್ಧ, ಹಡಗಿಲ್ಲ. ಮೈಸೂರಿನಲ್ಲಿ ಒಬ್ಬರ ಮನೆಯಲ್ಲಿ ಒಂದಿದೆ ಎಂದು ಕೇಳಿ ಹೋದೆ. ಅದರೊಳಗೆ ಇಲಿ ಮರಿ ಹಾಕಿತ್ತು, ಕತ್ತು ಬಿಲ್ಲಾಗಿ ಬಗ್ಗಿತ್ತು. ಸೋತು ರೈಲಿನಲ್ಲಿ ವಾಪಸು ಬರುವಾಗ ಪಕ್ಕದಲ್ಲಿ ಕೂತಿದ್ದ ರುದ್ರಪಟ್ಟಣದ ಒಬ್ಬ ವಿದ್ವಾಂಸರು ನನ್ನ ಗೋಳು ಕೇಳಿ, ತಮ್ಮೂರಿನವರ ವೀಣೆಗಳನ್ನೆಲ್ಲ ರಿಪೇರಿ ಮಾಡುವ ಒಬ್ಬ ಆಚಾರರು ಅರಕಲಗೂಡಿನಲ್ಲಿದ್ದಾರೆ, ಕೇಳಿ ನೋಡಿ ಎಂದರು.

ಅರಕಲಗೂಡಿಗೆ ಇದ್ದಿಲು ಬಸ್ಸು. ಪೆಟ್ರೋಲಿಲ್ಲದ ಕಾಲ, ಹಿಂದುಗಡೆ ಒಂದು ಕುಲುಮೆ ಕಟ್ಟಿಕೊಂಡು ಇದ್ದಿಲ ಹೊಗೆಯ ಮೇಲೆ ಓಡುತ್ತಿತ್ತು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ಮೂತಿಯೆಲ್ಲ ಮಸಿ ಮಾಡಿಕೊಂಡು ಆಚಾರರ ಜಗಲಿಯ ಮುಂದೆ ನಿಂತೆ. ಅಪ್ಪನ ವಯಸ್ಸಿನವರು, ಒಣಗಿದ ಮೈ, ಕಿವಿಯ ಮೇಲೆ ಸೀಸದ ಕಡ್ಡಿ. ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗಿಟಾರು ಬರೆದೆ. ಅವರು ಅದರ ಸುತ್ತ ಒಂದು ಸುತ್ತು ಬಂದರು.

"ಇದಕ್ಕೆ ಸೋರೆಬುರುಡೆ ಇಲ್ವಾ ಸಾಮಿ?"

"ಇಲ್ಲ."

"ಸೊಂಟ ಯಾಕಿಂಗೆ?"

"ತೊಡೆ ಮ್ಯಾಲೆ ಕೂತ್ಕೊಳ್ಳಾಕೆ ಆಚಾರ್ರೇ."

"ಆಗ್ಲಿ. ಉದ್ದ ಎಷ್ಟು?"

ಉದ್ದ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಬಾರಿಸಿದವನಿಗೆ ತನ್ನ ವಾದ್ಯದ ಅಳತೆ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಕೊನೆಗೆ ಸೊಂಟದಲ್ಲಿ ತಂದಿದ್ದ ದಪ್ಪ ತಂತಿಯನ್ನು ಬಿಚ್ಚಿ ನೇರ ಮಾಡಿದೆವು. ಮೇಲೆ ತಂತಿ ಹಾಯುವಲ್ಲಿ ಒಂದು ಮಡಿಕೆ, ಕೆಳಗೆ ತಂತಿಗಳನ್ನು ಹೊರುವ ಕುದುರೆಯ ಮೇಲೆ ಕೂರುವಲ್ಲಿ ಒಂದು ಮಡಿಕೆ, ಎರಡೂ ಉಳಿದಿದ್ದವು. ಅದೇ ಉದ್ದ. ನಡುವೆ, ಬೆರಳಿಟ್ಟು ತಂತಿ ಒತ್ತುವ ಮೆಟ್ಟಿಲುಗಳು ತಾಗಿ ಆದ ಗುರುತುಗಳು ಮಾತ್ರ ತುಕ್ಕಿನಲ್ಲಿ ಅಳಿಸಿಹೋಗಿದ್ದವು. ಆಚಾರರು, ಮೆಟ್ಟಿಲಿನ ಚಿಂತೆ ನನಗೆ ಬಿಡಿ ಎಂದರು. ಆಮೇಲೆ ಒಂದು ಕರಾರು ಹಾಕಿದರು.

"ನಾನು ಕಟ್ಟಿದ್ದನ್ನ ಬಾರ್ಸೋರ ಕೈಗೆ ಕೊಡಾಕಿಲ್ಲ. ಮನೆ ದೊಡ್ಡ ಎಂಗಸಿನ ಮಡ್ಲಿಗೆ ಆಕ್ತೀನಿ. ಅವ್ರು ಎತ್ತಿ ಕೊಟ್ರೆ ನಿಮ್ದು. ನಮ್ಮಪ್ಪನ ಕಾಲ್ದಿಂದ ಅಂಗೇಯ."

ಊರಿಗೆ ಬಂದು ಇದನ್ನು ಹೇಳಿದಾಗ ಅವ್ವ ಕೊಬ್ಬರಿ ಒಣಗಿತೇ ಎಂದು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. "ಅಂಗಾ? ತರ್ಲಿ. ಈಸ್ಕೊಂಡು ಅಟ್ಟದ ಮ್ಯಾಲೆ ಇಡ್ತೀನಿ" ಎಂದಳು. ಅವಳು ತಮಾಷೆಗೆ ಹೇಳಿದ್ದಲ್ಲ. ಹೆತ್ತ ಮಗ ಮೂಳೆಚಕ್ಕಳವಾಗಿ ಬಂದದ್ದನ್ನು ನೋಡಿದವಳು, ಮತ್ತೆ ಸಮುದ್ರ ದಾಟು ಎಂದು ಯಾಕೆ ಕಳಿಸುತ್ತಾಳೆ? ನನಗೆ ಅದು ಗೊತ್ತಿತ್ತು, ಆದರೂ ಸಂಕಟವಾಯಿತು. ಅವಳ ಕೈಯಿಂದ ಕಿತ್ತುಕೊಂಡು ಹೋಗುವ ಮಗ ನಾನಲ್ಲ.

ಮರಕ್ಕೆ ಒಣಗಿದ ಹಲಸು ಬೇಕೆಂದರು. ಚನ್ನರಾಯಪಟ್ಟಣದಲ್ಲಿ ಮಾವ ಹಳೆಯ ಮನೆ ಕೆಡವಿಸಿದ್ದ. ಅದರ ಒಂದು ತೊಲೆ ಕೊಬ್ಬರಿ ಗಾಡಿಯ ಮೇಲೆ ಬಂತು. ನಮ್ಮ ಗಿಟಾರಿಗೆ ತೆಳು ಹಲಗೆಯನ್ನು ಕಾಯಿಸಿ ಬಗ್ಗಿಸಿ ಪಕ್ಕ ಮಾಡುತ್ತಾರೆ. ಆಚಾರರಿಗೆ ಅದು ಒಗ್ಗಲಿಲ್ಲ. ವೀಣೆಯ ಕೊಡದ ಹಾಗೆ ತೊಲೆಯನ್ನೇ ಎರಡು ಹೋಳು ಮಾಡಿ, ಒಳಗೆ ಕೊರೆದು, ಮರವಜ್ರದ ಅಂಟಿನಲ್ಲಿ ಕೂಡಿಸಿದರು. ಮೇಲಿನ ಹಲಗೆಗೆ ಮಾತ್ರ ಹಲಸು ಬೇಡ, ಹಗುರದ ಮರ ಬೇಕು ಎಂದು ನಾನು ಹಟ ಹಿಡಿದೆ. ಸೀಮೆಎಣ್ಣೆ ಡಬ್ಬಗಳು ಬರುವ ಪೆಟ್ಟಿಗೆಯ ಹಲಗೆ ಸೀಮೆಯ ಮೆದು ಮರ. ನಮ್ಮ ಮಂಡಿಯ ಹಿತ್ತಲಲ್ಲಿ ಬಿದ್ದಿದ್ದ ಒಂದು ಪೆಟ್ಟಿಗೆಯನ್ನು ಬಿಚ್ಚಿಕೊಂಡು ಹೋದೆ. ಅದರ ಮೇಲಿನ ಇಂಗ್ಲಿಷ್ ಅಕ್ಷರಗಳು ಒಳಮೈಗೆ ಬರುವಂತೆ ಕೂಡಿಸಿದರು. ವಾಸನೆ ಹೋಗಲು ವಾರಗಟ್ಟಲೆ ಬಿಸಿಲಿಗೆ ಇಡಬೇಕಾಯಿತು. ತೆಳು ತಂತಿಗಳಿಗೆ ವೀಣೆಯ ಉಕ್ಕಿನ ತಂತಿ ಹಾಕಿದೆವು.

ಮೆಟ್ಟಿಲು ಕೂರಿಸುವ ದಿನ ನನಗೆ ಬರಹೇಳಿದರು. ವೀಣೆಯಲ್ಲಿ ಮೆಟ್ಟಿಲುಗಳು ಜೇನುಮೇಣದ ಮೇಲೆ ಕೂರುತ್ತವೆ. ಮೇಣಕ್ಕೆ ಇದ್ದಿಲ ಪುಡಿ ಕಲಸಿ, ದಂಡಿಯ ಮೇಲೆ ಏರಿ ಕಟ್ಟಿ, ಅದರ ಮೇಲೆ ಲೋಹದ ಕಡ್ಡಿಗಳನ್ನು ಒಂದೊಂದಾಗಿ ಕಿವಿಯಲ್ಲಿ ಕೇಳಿ ಕೇಳಿ ಇಡುತ್ತಾರೆ. ಅದಕ್ಕೆ ಮೇಳ ಕಟ್ಟುವುದು ಎಂದು ಹೆಸರು. ನಮ್ಮ ಗಿಟಾರಿನಲ್ಲಿ ಮೆಟ್ಟಿಲನ್ನು ಮರಕ್ಕೇ ಬಡಿದಿರುತ್ತಾರೆ ಎಂದೆ. ಮೊದಲು ಮೇಣದಲ್ಲಿ ಕೂರಲಿ, ಆಮೇಲೆ ಬಡಿದರಾಯಿತು ಎಂದರು. ಮೇಳ ಕಟ್ಟುವಾಗ ಆ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಒರಳಿಲ್ಲ, ಸೌದೆ ಒಡೆಯುವಂತಿಲ್ಲ, ಹಸುವನ್ನು ಸಹ ಬೀದಿಯಾಚೆ ಕಟ್ಟಿಬಂದಿದ್ದರು. ನಾನು ತಂತಿ ಮೀಟುತ್ತ ಹೋದೆ, ಅವರು ಕಣ್ಣುಮುಚ್ಚಿ ಕಡ್ಡಿಯನ್ನು ಕೂದಲೆಳೆಯಷ್ಟು ಅತ್ತ ಇತ್ತ ತಳ್ಳುತ್ತ ಹೋದರು.

ಸಂಜೆಗೆ ಮುಗಿಯಿತು. ಒಂದು ತಂತಿಯ ಮೇಲೆ ಕೆಳಗಿನಿಂದ ಮೇಲಿನವರೆಗೆ ಬಾರಿಸಿದೆ. ಅಷ್ಟು ಸವಿಯಾದ ಸ್ವರ ನನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಒರೆಸಿಕೊಂಡೆ. ಆಮೇಲೆ ಕಾರ್ಡು ಹಿಡಿದೆ. ಮೊದಲನೆಯದು ಚೆನ್ನಾಗಿತ್ತು. ಕೈಯನ್ನು ಎರಡು ಮೆಟ್ಟಿಲು ಆಚೆಗೆ ಜರುಗಿಸಿ ಅದೇ ಹಿಡಿ ಹಿಡಿದೆ. ಹುಳಿ. ಇನ್ನೊಂದು ಕಡೆ ಹಿಡಿದೆ. ಇನ್ನೂ ಹುಳಿ.

"ಆಚಾರ್ರೇ, ಇದು ಆಗಾಕಿಲ್ಲ" ಎಂದೆ.

"ಯಾವ ಸೊರ ತಪ್ಪೈತೆ? ತೋರ್ಸಿ."

ಯಾವುದೂ ತಪ್ಪಿರಲಿಲ್ಲ. ಅದೇ ತೊಂದರೆ. ಅವರು ಪ್ರತಿ ಸ್ವರವನ್ನೂ ಒಂದು ಷಡ್ಜಕ್ಕೆ ಹೊಂದಿಸಿ ಇಟ್ಟಿದ್ದರು. ವೀಣೆಯಲ್ಲಿ ಷಡ್ಜ ಒಂದು ಕಡೆ ಕೂತರೆ ಕಚೇರಿ ಮುಗಿಯುವವರೆಗೆ ಏಳುವುದಿಲ್ಲ. ನಮ್ಮ ಡಾನ್ಸಿನ ಹಾಡಿನಲ್ಲಿ ಕಾರ್ಡು ಬದಲಾದಾಗಲೆಲ್ಲ ಷಡ್ಜವೂ ಎದ್ದು ಇನ್ನೊಂದು ಕಡೆ ಹೋಗಿ ಕೂರುತ್ತದೆ. ಒಂದು ಕಡೆಯ ಸವಿ ಇನ್ನೊಂದು ಕಡೆ ಹುಳಿಯಾಗುತ್ತದೆ. ಇದನ್ನು ಆವತ್ತು ನಾನು ಇಷ್ಟು ಚೆನ್ನಾಗಿ ಹೇಳಲಿಲ್ಲ. ದಸರೆ ಹತ್ತಿರ ಬಂದಿತ್ತು, ಸಿಟ್ಟು ನೆತ್ತಿಗೇರಿತ್ತು. ಕೆಂಡದಲ್ಲಿ ಕಾಯುತ್ತಿದ್ದ ಕಬ್ಬಿಣದ ಕಡ್ಡಿ ಎತ್ತಿಕೊಂಡು ಮೇಣ ಕರಗಿಸಲು ನಾನೇ ಬಗ್ಗಿದೆ. ಅವರು ನನ್ನ ಮುಂಗೈ ಹಿಡಿದರು.

"ಕೈ ತೆಗೀರಿ. ನಾನು ಕಟ್ಟಿದ ಮೇಳಕ್ಕೆ ಇನ್ನೊಬ್ರು ಕಾವು ತೋರ್ಸಂಗಿಲ್ಲ."

ಗಿಟಾರನ್ನು ಅಲ್ಲೇ ಬಿಟ್ಟು ಹೊರಟೆ. ಹೊಳೆನರಸೀಪುರದ ಬಸ್ಸು ಹೋಗಿಬಿಟ್ಟಿತ್ತು, ಮಾರನೆಯ ದಿನ ಮೊದಲು ಸಿಕ್ಕ ಹಾಸನದ ಬಸ್ಸು ಹತ್ತಿ, ಅಲ್ಲಿ ರೈಲಿಗೆ ಟಿಕೆಟ್ಟು ತೆಗೆದುಕೊಂಡು ಕಾಯುತ್ತ ಕೂತೆ. ಅಣ್ಣನ ಗಾದಿ ಕಣ್ಣಮುಂದೆ ಬಂತು. ಮಂಡಿಯೇನು ಕೆಟ್ಟ ಕಸುಬಲ್ಲ, ಅಣ್ಣ ನನ್ನನ್ನು ಬಾಯಿತುಂಬ ಕರೆದಿದ್ದ. ಆದರೂ ಅಲ್ಲಿ ಕೂತ ನನ್ನ ಎಡಗೈ ಬೆರಳುಗಳು ಪಂಚೆಯ ಮಡಿಕೆಯ ಮೇಲೆ ಕಾರ್ಡು ಹಿಡಿಯುತ್ತಿದ್ದವು. ರೈಲು ತಡ ಎಂದರು. ಬೇಜಾರಿಗೆ ಎದ್ದು ಪೇಟೆಯ ಕಡೆ ನಡೆದೆ. ದಾರಿಯಲ್ಲಿ ಮಿಷನ್ ಶಾಲೆ. ಪ್ರಾರ್ಥನೆಯ ಕೋಣೆಯಿಂದ, ಕಾಲಿನಲ್ಲಿ ತುಳಿಯುವ ದೊಡ್ಡ ಹಾರ್ಮೋನಿಯಂ ಕೇಳಿಸಿತು. ಯಾರೋ ಹಾಡೊಂದನ್ನು ಒಂದು ಶ್ರುತಿಯಲ್ಲಿ ಬಾರಿಸಿ, ಮಕ್ಕಳ ಕಂಠಕ್ಕೆ ಎಟುಕದೆ, ಕೆಳಗಿನ ಶ್ರುತಿಗೆ ಇಳಿಸಿ ಮತ್ತೆ ಬಾರಿಸಿದರು. ಎರಡರಲ್ಲೂ ಹುಳಿಯಿಲ್ಲ. ನಾನು ಬೇಲಿಯ ಹತ್ತಿರ ನಿಂತುಬಿಟ್ಟೆ. ಹಾರ್ಮೋನಿಯಂನಲ್ಲಿ ಯಾವ ಸ್ವರವೂ ಪೂರಾ ಸರಿಯಿಲ್ಲ. ಎಲ್ಲವೂ ಒಂದಿಷ್ಟಿಷ್ಟು ತಪ್ಪು, ಆದ್ದರಿಂದಲೇ ಎಲ್ಲ ಕಡೆಗೂ ಸಲ್ಲುತ್ತದೆ. ನನಗೆ ಬೇಕಾದ ಮೆಟ್ಟಿಲುಗಳ ಅಳತೆ ಆ ಪೆಟ್ಟಿಗೆಯೊಳಗೆ ಇತ್ತು.

ಹಾರ್ಮೋನಿಯಂ ಬಾರಿಸುತ್ತಿದ್ದ ಟೀಚರಮ್ಮ ನನ್ನ ಮಸಿ ಮೂತಿ ನೋಡಿ ಮೊದಲು ಇದ್ದಿಲು ಮಾರುವವನು ಎಂದುಕೊಂಡರಂತೆ. ವಿಷಯ ಹೇಳಿದೆ. "ಭಾನುವಾರ ಬಿಟ್ಟು ಯಾವಾಗ ಬೇಕಾದರೂ ಬನ್ನಿ. ಆದರೆ ಕೆಂಡ ನೆಲಕ್ಕೆ ಬೀಳಬಾರದು" ಎಂದರು. ಟಿಕೆಟ್ಟನ್ನು ಜೇಬಿನಲ್ಲೇ ಇಟ್ಟುಕೊಂಡು ಅರಕಲಗೂಡಿನ ಬಸ್ಸು ಹತ್ತಿದೆ. ಗಿಟಾರು ಕೇಳಿ ಇಸಿದುಕೊಂಡು ಬಂದು ನಾನೇ ಮೆಟ್ಟಿಲು ಜರುಗಿಸಬಹುದಿತ್ತು. ಬಸ್ಸು ತಳ್ಳುವಾಗ ಅದನ್ನೂ ಯೋಚಿಸಿದೆ. ಅವರು ನನ್ನ ಮುಂಗೈ ಹಿಡಿದು ಆಡಿದ ಮಾತು ನೆನಪಾಯಿತು. ಅವರನ್ನೇ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದೆ.

ಆಚಾರರು ಜಗಲಿಯ ಮೇಲೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು.

"ನೀವ್ ಓದ್ ಮ್ಯಾಲೆ ನಾನೂ ನಿಮ್ಮಂಗೆ ಮೂರು ಬೆರಳು ಇಟ್ಟು ನೋಡ್ದೆ ಸಾಮಿ. ಒಂದ್ ಕಡೆ ಜೇನು, ಒಂದ್ ಕಡೆ ಹುಳಿ ಮಜ್ಜಿಗೆ. ನಿದ್ದೆ ಬರ್ಲಿಲ್ಲ."

"ನಿಮ್ ಕಿವಿ ತಪ್ಪಲ್ಲ ಆಚಾರ್ರೇ. ನಂಗೆ ಬೇಕಾಗಿರೋದು ಸುಳ್ಳು. ಎಲ್ಲಾ ಸ್ವರಕ್ಕೂ ಸಮವಾಗಿ ಹಂಚಿದ ಸುಳ್ಳು."

"ಸುಳ್ಳು ಹಂಚೋದು ತಾಲ್ಲೂಕು ಕಚೇರೀಲಿ ಐತೆ ಅಂತ ಗೊತ್ತಿತ್ತು" ಎಂದರು. "ಸಂಗೀತದಾಗೂ ಐತಾ? ರುದ್ರಪಟ್ಟಣದೋರಿಗೆ ತಿಳುದ್ರೆ ನನ್ ಕೈಗೆ ಇನ್ನ್ ವೀಣೆ ಕೊಟ್ಟಾರಾ?"

"ಹಾಸನದಲ್ಲಿ ಬಾಗ್ಲು ಹಾಕ್ಕೊಂಡು ಮಾಡಾಣ."

ಅವರು ನಕ್ಕರು. ಆ ನಗುವಿನಲ್ಲೇ ಒಪ್ಪಿಗೆ ಇತ್ತು. ಮೇಣ, ಅಗ್ಗಿಷ್ಟಿಕೆ, ಕಡ್ಡಿಗಳನ್ನು ಬುಟ್ಟಿಗೆ ತುಂಬಿಕೊಂಡು ಮಾರನೆಯ ದಿನ ನನ್ನ ಜೊತೆ ಹೊರಟರು. ಗಿಟಾರನ್ನು ಮಾತ್ರ ಬಸ್ಸಿನಲ್ಲಿ ಯಾರಿಗೂ ಕೊಡದೆ ಕೂಸಿನಂತೆ ತಾವೇ ಹಿಡಿದಿದ್ದರು. ಬಸ್ಸು ತಳ್ಳಲೂ ಇಳಿಯಲಿಲ್ಲ.

ಪ್ರಾರ್ಥನೆಯ ಕೋಣೆಯಲ್ಲಿ ತಗಡಿನ ಮೇಲೆ ಅಗ್ಗಿಷ್ಟಿಕೆ ಇಟ್ಟೆವು. ಮೊದಲು ಆರೂ ತಂತಿಗಳನ್ನು ಹಾರ್ಮೋನಿಯಂಗೆ ಶ್ರುತಿ ಮಾಡಿದೆ. ಆಮೇಲೆ ಟೀಚರಮ್ಮ ಹಾರ್ಮೋನಿಯಂನ ಒಂದು ಸ್ವರದ ಮನೆ ಒತ್ತಿ ಹಿಡಿಯುವುದು, ನಾನು ಅದೇ ಸ್ವರದ ಮೆಟ್ಟಿಲು ಒತ್ತಿ ಮೀಟುವುದು, ಆಚಾರರು ಕಾದ ಕಡ್ಡಿಯಿಂದ ಮೇಣ ಮೆತ್ತಗೆ ಮಾಡಿ ಎರಡೂ ದನಿ ಒಂದಾಗುವವರೆಗೆ ಮೆಟ್ಟಿಲು ಜರುಗಿಸುವುದು. ಹೀಗೆ ನಡೆಯಿತು. ಪಂಚಮ ಬಂದಾಗ ಮೆಟ್ಟಿಲು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. "ಪಂಚಮಾನ ಅವ್ರೂ ಕೆಡ್ಸಿಲ್ಲ" ಎಂದು ಆಚಾರರ ಮುಖ ಅರಳಿತು. ಗಾಂಧಾರ ಬಂದಾಗ ಕೈ ಹಿಂದಕ್ಕೆ ಎಳೆದುಕೊಂಡರು. ಹಾರ್ಮೋನಿಯಂನ ಗಾಂಧಾರ ಅವರ ಗಾಂಧಾರಕ್ಕಿಂತ ಮೇಲಿತ್ತು.

"ಇದು ಅಪಸೊರ ಕಣಮ್ಮ. ನನ್ ಕೈಯಾಗೆ ಇದ ಕಟ್ಟಾಕೆ ಆಗಾಕಿಲ್ಲ."

ಟೀಚರಮ್ಮ ಪೆಡಲು ತುಳಿಯುವುದನ್ನು ನಿಲ್ಲಿಸಲಿಲ್ಲ. "ಎಷ್ಟೋ ವರ್ಷದಿಂದ ನಮ್ಮ ಪ್ರಾರ್ಥನೆ ಇದೇ ಅಪಸ್ವರದಲ್ಲಿ ನಡೀತಿದೆ ಆಚಾರ್ರೇ. ದೇವರು ಇನ್ನೂ ದೂರು ಹೇಳಿಲ್ಲ" ಎಂದರು.

ಆಚಾರರು ನನ್ನ ಕಡೆ ತಿರುಗಿದರು. ನಾನು ಗಾಂಧಾರದ ಮೆಟ್ಟಿಲು ಒತ್ತಿ ಮತ್ತೊಮ್ಮೆ ಮೀಟಿದೆ. ಅವರು ಕಡ್ಡಿಯನ್ನು ಮತ್ತೆ ಕೆಂಡಕ್ಕೆ ಇಟ್ಟರು. ಕಾಯುವವರೆಗೆ ಕಣ್ಣುಮುಚ್ಚಿ ಕೂತು, ಆಮೇಲೆ ಗಾಂಧಾರವನ್ನು ಅದರ ಜಾಗದಿಂದ ಎಬ್ಬಿಸಿ ಮೇಲಕ್ಕೆ ಸರಿಸಿದರು. ಅವರ ಮುಖ ಹುಣಸೆ ಕಚ್ಚಿದವರಂತೆ ಆಗಿತ್ತು. ಆದರೆ ಕೈ ಕಿಂಚಿತ್ತೂ ಅಲುಗಲಿಲ್ಲ.

ಎಲ್ಲ ಮುಗಿದ ಮೇಲೆ ಕಾರ್ಡು ಹಿಡಿದೆ. ಕೈ ಜರುಗಿಸಿ ಹಿಡಿದೆ. ಮತ್ತೆ ಜರುಗಿಸಿದೆ. ಎಲ್ಲೂ ಹುಳಿಯಿಲ್ಲ. ಬರ್ಮಾ ಬಿಟ್ಟ ಮೇಲೆ ನಾನು ಮನಸಾರೆ ನಕ್ಕಿದ್ದು ಆವತ್ತೇ. ಮೆಟ್ಟಿಲು ಕೂತ ಜಾಗಗಳನ್ನೆಲ್ಲ ಸೂಜಿಮೊನೆಯಲ್ಲಿ ಗೀರಿಕೊಂಡು ಆಚಾರರು ಊರಿಗೆ ಹೋದರು. ಮೇಣ ಕೆರೆದು, ಗೀರಿದಲ್ಲಿ ಸಣ್ಣ ಗರಗಸದಿಂದ ಕೊಯ್ದು, ಹಿತ್ತಾಳೆಯ ಮೆಟ್ಟಿಲುಗಳನ್ನು ಮರಕ್ಕೇ ಬಡಿದರು.

ಮಹಾನವಮಿಗೆ ಇನ್ನೂ ಸಮಯವಿರುವಾಗಲೇ ಒಂದು ಬೆಳಿಗ್ಗೆ ಅವರು ಗಿಟಾರನ್ನು ಹೊಸ ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಅವ್ವ ಮಂಡಿಯ ಒಳಗೆ ಕೊಬ್ಬರಿ ರಾಶಿಯ ಪಕ್ಕ ಕೂತಿದ್ದಳು. ಆಚಾರರು ಕೈ ಮುಗಿದು, ಬಟ್ಟೆ ಬಿಚ್ಚಿ, ಅವಳ ಮಡಿಲಿಗೆ ಇಟ್ಟರು. ಅಣ್ಣ ತಕ್ಕಡಿ ಬಿಟ್ಟು ಎದ್ದು ನಿಂತ. ಅವ್ವ ಗಿಟಾರನ್ನು ತಿರುಗಿಸಿ ಬೆನ್ನ ಮೇಲೆ ತೆಂಗಿನಕಾಯಿ ತಟ್ಟಿದಂತೆ ಬೆರಳಲ್ಲಿ ತಟ್ಟಿ ಕಿವಿಗೊಟ್ಟಳು. ತೂತಿನೊಳಗೆ ಬಗ್ಗಿ ನೋಡಿ, "ಇದು ನಮ್ ಸೀಮೆಎಣ್ಣೆ ಪೆಟ್ಗೆ ಅಲ್ವೇನ್ಲಾ?" ಎಂದಳು.

"ಊ ಕಣವ್ವ."

ಆಮೇಲೆ ಎರಡು ಕೈಯಲ್ಲೂ ಅದನ್ನು ಹೊಟ್ಟೆಗೆ ಅವುಚಿಕೊಂಡು ಕೂತಳು. ಕೊಡಲಿಲ್ಲ. ಆಚಾರರು ನೆಲ ನೋಡುತ್ತಿದ್ದರು. ಎಷ್ಟು ಹೊತ್ತಾದರೂ ಅವಳು ಅಲುಗದಿದ್ದಾಗ ನನಗೆ ಇನ್ನೇನೂ ತೋಚದೆ ಪಕ್ಕದಲ್ಲಿ ಹೋಗಿ ಕೂತೆ. ಗಿಟಾರು ಅವಳ ಮಡಿಲಲ್ಲೇ ಇರಲಿ ಎಂದು ಎಡಗೈಯನ್ನು ಕತ್ತಿಗೆ ಕೊಟ್ಟು, ಬಲಗೈಯನ್ನು ಅವಳ ತೋಳಿನ ಮೇಲಿಂದ ಚಾಚಿ, ಮೆಲ್ಲಗೆ ಬಾರಿಸಿದೆ. ಕುಣಿತದ ಒಂದು ಸಾಧಾರಣ ಹಾಡು. ಕಾರ್ಡು ಒಂದು ಮನೆ ಬಿಟ್ಟು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಯಿತು. ಆಚಾರರು ತಲೆ ಎತ್ತಿ, ಕಳೆದುಹೋದ ಷಡ್ಜವನ್ನು ಹುಡುಕುವವರಂತೆ ಕೇಳುತ್ತಿದ್ದರು. ಕೊನೆಯಲ್ಲಿ ಹಾಡು ಮೊದಲಿನ ಕಾರ್ಡಿಗೆ ಬಂದು ನಿಂತಾಗ ಅವರು ತೊಡೆ ತಟ್ಟಿದರು.

"ಬಂತಲ್ಲ. ಎಲ್ಲೆಲ್ಲೋ ಓಗಿ ಮನೇಗ್ ಬಂದ್ಬುಡ್ತು ತಾಯಿ."

ಅವ್ವನ ಹೊಟ್ಟೆಗೆ ತಾಗಿದ್ದ ಹಲಸು ಇನ್ನೂ ಗುಂಯ್ ಎನ್ನುತ್ತಿತ್ತು. ಅವಳು ಅದು ಪೂರ್ತಿ ನಿಲ್ಲುವವರೆಗೆ ಕಾದಳು. ಆಮೇಲೆ ಗಿಟಾರನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು. ಕಣ್ಣು ತುಂಬಿತ್ತು, ದನಿ ಮಾತ್ರ ಎಂದಿನಂತೆ ಗಡುಸಾಗಿತ್ತು.

"ಅಂತಾ ಕಾಲ ಮತ್ತೆ ಬಂದ್ರೆ ಇದ್ನೂ ಒಲೇಗಾಕಿ ಟೀ ಕಾಸ್ಕೊಂಡು ನೀನ್ ಬಾ. ಆಚಾರ್ರು ಇನ್ನೊಂದು ಕಟ್ಟಿಕೊಡ್ತಾರೆ."

"ಕಟ್ತೀನಿ ಬುಡಿ ತಾಯಿ" ಎಂದರು ಆಚಾರರು. "ಮೆಟ್ಲು ಎಲ್ ಬರ್ತವೆ ಅಂತ ಈಗ ಗೊತ್ತಲ್ಲ."

ಅಣ್ಣ ತನ್ನ ಪಕ್ಕದ ಗಾದಿಯನ್ನು ಸುತ್ತಿ, ದಾರಿಯಲ್ಲಿ ಗಿಟಾರಿಗೆ ಪೆಟ್ಟು ಬೀಳದಿರಲೆಂದು ಅದರಲ್ಲೇ ಕಟ್ಟಿಕೊಟ್ಟ.